ಎರ್ನ್ಸ್ಟ್ ಬ್ಲಾಖ್: ಭರವಸೆಗೂ ಪಾಠ ಬೇಕು ಎಂದವನು

ಜರ್ಮನಿಯ ಮಾರ್ಕ್ಸ್‌ವಾದಿ ಚಿಂತಕ ಎರ್ನ್ಸ್ಟ್ ಬ್ಲಾಖ್ ಹೆಸರು ಬಂದಾಗಲೆಲ್ಲ ‘ಭರವಸೆಯ ದಾರ್ಶನಿಕ’ ಎಂದು ಪಟ್ಟ ಕಟ್ಟಿ ಮುಂದೆ ಹೋಗುವುದು ರೂಢಿ. ಆ ಪಟ್ಟದಿಂದ ಅವನಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಿದೆ. ಕೇಳಿದವರಿಗೆ ಅವನೊಬ್ಬ ಸಮಾಧಾನ ಹೇಳುವ ಹಿರಿಯ, ‘ಎಲ್ಲ ಒಳ್ಳೆಯದಾಗುತ್ತೆ ಬಿಡಿ’ ಎನ್ನುವವನು ಅನ್ನಿಸಿಬಿಡುತ್ತದೆ. ಬ್ಲಾಖ್ ಬರೆದದ್ದು ಅದಕ್ಕೆ ತೀರಾ ವಿರುದ್ಧ. ಪ್ರಗತಿ ತಾನಾಗಿಯೇ ಆಗುತ್ತದೆ ಎಂಬ ನಂಬಿಕೆಯನ್ನು ಅವನು ಜನರಿಗೆ ಉಣಿಸುವ ಹೊಸ ಅಫೀಮು ಎಂದು ಕರೆದ; ಅದಕ್ಕಿಂತ ಒಂದಿಷ್ಟು ನಿರಾಶಾವಾದವೇ ವಾಸಿ ಎಂದ. ಅವನ ಪ್ರಕಾರ ಭರವಸೆ ಮನಸ್ಸಿನ ಒಂದು ಹುರುಪಲ್ಲ. ಅದೊಂದು ಬಗೆಯ ಅರಿವು. ಅದನ್ನು ಕಲಿಯಬೇಕು, ತಪ್ಪಿದರೆ ತಿದ್ದಿಕೊಳ್ಳಬೇಕು. ಈ ಮಾತನ್ನು ಅವನ ಬದುಕಿನ ಪಕ್ಕದಲ್ಲಿಟ್ಟು ನೋಡದಿದ್ದರೆ ಅರ್ಧ ಮಾತ್ರ ಸಿಕ್ಕಂತೆ. ಯಾಕೆಂದರೆ ಈ ಪಾಠದಲ್ಲಿ ಅವನೇ ಒಮ್ಮೆ ದೊಡ್ಡದಾಗಿ ನಪಾಸಾದ. ಅದಕ್ಕೆ ಮುಂದೆ ಬರುತ್ತೇನೆ.

ಹುಟ್ಟಿದ್ದು 1885ರ ಜುಲೈ 8ರಂದು, ರೈನ್ ನದಿಯ ಎಡದಂಡೆಯ ಲುಡ್ವಿಗ್ಸ್‌ಹಾಫನ್‌ನಲ್ಲಿ. ತಂದೆ ಬವೇರಿಯಾದ ರೈಲ್ವೆಯಲ್ಲಿ ಅಧಿಕಾರಿ. ಯಹೂದಿ ಕುಟುಂಬ, ಆದರೆ ಆಚಾರದ ಬಿಗಿ ಇಲ್ಲದ್ದು. ಲುಡ್ವಿಗ್ಸ್‌ಹಾಫನ್ ಅಂದರೆ ರಾಸಾಯನಿಕ ಕಾರ್ಖಾನೆಯ ಊರು. ಬಿಎಎಸ್ಎಫ್ ಕಂಪನಿ 1865ರಿಂದ ಬೇರುಬಿಟ್ಟದ್ದು ಅಲ್ಲೇ. ಹೊಗೆ, ಕೂಲಿಕಾರರ ಸಾಲುಮನೆಗಳು, ಹೇಳಿಕೊಳ್ಳುವಂಥ ಹಳೆಯದು ಏನೂ ಇಲ್ಲ. ಸೇತುವೆ ದಾಟಿದರೆ ಮಾನ್‌ಹೈಮ್: ಹಳೆಯ ಅರಮನೆ, ಅರಮನೆಯ ಗ್ರಂಥಾಲಯ, ಶಿಲ್ಲರನ ಮೊದಲ ನಾಟಕ 1782ರಲ್ಲಿ ರಂಗಕ್ಕೆ ಬಂದ ಥಿಯೇಟರು. ಹುಡುಗ ಬ್ಲಾಖ್ ಹೆಗೆಲ್ ಮತ್ತು ಶೆಲ್ಲಿಂಗ್ ಓದಿದ್ದು ಆ ಅರಮನೆಯ ಗ್ರಂಥಾಲಯದಲ್ಲಿ. ಒಂದು ಸೇತುವೆಯ ಎರಡು ತುದಿಯಲ್ಲಿ ಎರಡು ಶತಮಾನಗಳು ಎದುರುಬದುರು ನಿಂತಿವೆ ಎಂಬುದು ಅವನಿಗೆ ಶಾಲೆಯ ದಿನಗಳಲ್ಲೇ ಕಣ್ಣಿಗೆ ಕಟ್ಟಿತ್ತು. ಮುಂದೆ ನಾಜಿಗಳ ಗೆಲುವನ್ನು ವಿವರಿಸುವಾಗ ಅವನಿಗೆ ಒದಗಿದ್ದು ಇದೇ ನೋಟ.

ಶಾಲೆಯಲ್ಲಿ ಅಂಕಗಳು ಸಾಧಾರಣ. ಆದರೆ ಹೈಸ್ಕೂಲು ಹುಡುಗನಾಗಿದ್ದಾಗಲೇ ಅರ್ನ್ಸ್ಟ್ ಮಾಖ್, ತಿಯೋಡೋರ್ ಲಿಪ್ಸ್, ವಿಂಡೆಲ್‌ಬಾಂಡ್, ಎಡ್ವರ್ಡ್ ಫಾನ್ ಹಾರ್ಟ್‌ಮನ್‌ರಂಥ ಹೆಸರಾಂತರಿಗೆ ಕಾಗದ ಬರೆಯುತ್ತಿದ್ದ. 1905ರಿಂದ ಮ್ಯೂನಿಕ್‌ನಲ್ಲಿ ಲಿಪ್ಸ್ ಬಳಿ, ಆಮೇಲೆ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಓಸ್ವಾಲ್ಡ್ ಕ್ಯೂಲ್ಪೆ ಬಳಿ ಓದು. 1908ರಲ್ಲಿ ದಾರ್ಶನಿಕ ರಿಕರ್ಟ್‌ನ ಜ್ಞಾನಮೀಮಾಂಸೆಯ ಮೇಲೆ ಡಾಕ್ಟರೇಟ್. ಅಷ್ಟಕ್ಕೇ ಅವನ ವಿದ್ಯಾಲಯದ ಏಣಿ ಮುಗಿಯಿತು. ಆಗ ಜರ್ಮನಿಯಲ್ಲಿ ಪ್ರೊಫೆಸರ್ ಆಗಬೇಕಾದರೆ ಡಾಕ್ಟರೇಟಿನ ಮೇಲೆ ಇನ್ನೊಂದು ದೊಡ್ಡ ಪ್ರಬಂಧ ಮಂಡಿಸಿ ಬೋಧನೆಯ ಹಕ್ಕು ಗಳಿಸಬೇಕಿತ್ತು. ಅದನ್ನು ಅವನು ಮಾಡಲೇ ಇಲ್ಲ. ಮೊದಲ ಪ್ರೊಫೆಸರ್ ಹುದ್ದೆ ಸಿಕ್ಕಾಗ ವಯಸ್ಸು ಅರವತ್ತು ದಾಟಿತ್ತು. ನಡುವಿನ ನಾಲ್ಕು ದಶಕ ಬರಹ, ಪತ್ರಿಕೆ, ಹೆಂಡತಿಯ ದುಡಿಮೆ, ಗೆಳೆಯರ ನೆರವು ಇವುಗಳಲ್ಲೇ ಕಳೆಯಿತು.

ಡಾಕ್ಟರೇಟಿಗೂ ಮುಂಚೆ, 1907ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಜೀವಮಾನದ ಬಂಡವಾಳ ಅವನ ಕೈಗೆ ಬಂದಿತ್ತು. ಮನಸ್ಸಿನಲ್ಲಿ ಅರಿವಿಗೆ ಬಾರದ ಪದರ ಒಂದಲ್ಲ, ಎರಡು ಎಂಬ ಯೋಚನೆ ಅದು. ಒಂದು, ವಿಯೆನ್ನಾದ ಮನೋವಿಶ್ಲೇಷಕ ಫ್ರಾಯ್ಡ್ ತೋರಿಸಿದ್ದು: ಒಮ್ಮೆ ಅರಿವಿನಲ್ಲಿದ್ದು ಈಗ ಅದುಮಿಟ್ಟದ್ದು, ಮರೆತದ್ದು. ಅದಕ್ಕೆ ಬ್ಲಾಖ್ ಇಟ್ಟ ಹೆಸರು ‘ಈಗ-ಅರಿವಿನಲ್ಲಿಲ್ಲದ್ದು’. ಇನ್ನೊಂದನ್ನು ಯಾರೂ ಸರಿಯಾಗಿ ಗುರುತಿಸಿರಲಿಲ್ಲ: ‘ಇನ್ನೂ-ಅರಿವಿಗೆ-ಬಾರದ್ದು’. ಹರೆಯದಲ್ಲಿ, ಕಾಲ ಬದಲಾಗುವ ಸಂಧಿಯಲ್ಲಿ, ಹೊಸದೊಂದನ್ನು ಸೃಷ್ಟಿಸುವವರ ಕೆಲಸದಲ್ಲಿ ಇದು ಎದ್ದು ಕಾಣುತ್ತದೆ ಎಂದ. ಮೊದಲನೆಯದು ಕತ್ತಲಾದದ್ದರ ನೆಲಮಾಳಿಗೆ. ಎರಡನೆಯದು ಬೆಳಗಾಗುವ ಮುಂಚಿನ ಹೊತ್ತು.

ಇದರಿಂದ ಹಗಲುಗನಸಿಗೆ ಒಂದು ಘನತೆ ಬಂತು. ಫ್ರಾಯ್ಡ್‌ಗೆ ಹಗಲುಗನಸು ರಾತ್ರಿಯ ಕನಸಿನ ಕಚ್ಚಾ ರೂಪ. ಬ್ಲಾಖ್ ಇದನ್ನು ಒಪ್ಪಲಿಲ್ಲ. ಹಗಲುಗನಸಿನ ನಾಲ್ಕು ಗುಣಗಳನ್ನು ಎತ್ತಿ ಹೇಳಿದ. ಅದರ ಲಗಾಮು ಕನಸುವವನ ಕೈಯಲ್ಲೇ ಇರುತ್ತದೆ, ಬೇಕೆಂದಾಗ ನಿಲ್ಲಿಸಬಹುದು. ಅದರಲ್ಲಿ ‘ನಾನು’ ಕರಗುವುದಿಲ್ಲ. ಅದು ಲೋಕವನ್ನು ತಿದ್ದಲು ಹೊರಡುತ್ತದೆ, ಹಾಗಾಗಿ ಇನ್ನೊಬ್ಬರಿಗೆ ಹೇಳಬಹುದಾದದ್ದು. ಕೊನೆಯದಾಗಿ, ಅದು ತನ್ನ ಬಯಕೆಯ ತುದಿ ಮುಟ್ಟುವವರೆಗೂ ಹೋಗುತ್ತದೆ. ಮನುಷ್ಯನ ಮೂಲ ತುಡಿತವೂ ಕಾಮವಲ್ಲ, ಹಸಿವು ಎಂದು ವಾದಿಸಿದ. ವಿಯೆನ್ನಾದ ಸೋಫಾದ ಮೇಲೆ ಮಲಗಿದ ರೋಗಿಗೆ ಹೊಟ್ಟೆ ತುಂಬಿತ್ತು, ಹಾಗಾಗಿ ವೈದ್ಯನಿಗೆ ಹಸಿವು ಕಾಣಿಸಲಿಲ್ಲ ಎಂಬುದು ಈ ವಾದದ ಒಳಗಿನ ಕುಟುಕು. ಹಸಿವು ‘ಇಲ್ಲ’ ಎನ್ನುತ್ತದೆ, ಹಾಗೆಯೇ ‘ಬೇಕು’ ಎನ್ನುತ್ತದೆ. ಆ ‘ಬೇಕು’ ಮುಂದೆ ನೋಡುತ್ತದೆ. ಅವನ ಇಡೀ ದರ್ಶನ ಈ ಸಣ್ಣ ಜಾಗದಿಂದ ಹೊರಡುತ್ತದೆ.

ಮುಂದೆ ಬರ್ಲಿನ್‌ನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮೆಲ್‌ನ ಒಡನಾಟ, ಹೈಡೆಲ್‌ಬರ್ಗ್‌ನಲ್ಲಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಮನೆಯ ಕೂಟ, ಅಲ್ಲಿ ಹಂಗೆರಿಯ ಚಿಂತಕ ಜಾರ್ಜ್ ಲೂಕಾಚ್‌ನ ಗೆಳೆತನ. ಬ್ಲಾಖ್ ಮತ್ತು ಲೂಕಾಚ್ ಇಬ್ಬರ ಅಭಿಪ್ರಾಯ ಎಷ್ಟು ಹೊಂದುತ್ತಿತ್ತೆಂದರೆ, ಜನ ಒಂದೇ ಮಾತನ್ನು ಎರಡು ಬಾಯಲ್ಲಿ ಕೇಳಬಾರದೆಂದು ತಮ್ಮ ಭಿನ್ನಾಭಿಪ್ರಾಯಗಳಿಗಾಗಿ ಒಂದು ‘ರಕ್ಷಿತಾರಣ್ಯ’ ಮಾಡಿಕೊಂಡಿದ್ದರಂತೆ. 1914ರ ಯುದ್ಧ ಇದನ್ನೆಲ್ಲ ಚದುರಿಸಿತು. ಸಿಮೆಲ್ ಯುದ್ಧದ ಪರ ನಿಂತಾಗ ಬ್ಲಾಖ್ ಗುರುವಿನಿಂದ ದೂರವಾದ. 1917ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಬರ್ನ್‌ನಲ್ಲಿ ಜರ್ಮನ್ ಚಕ್ರವರ್ತಿ ಕೈಸರ್‌ನ ಆಳ್ವಿಕೆಯ ವಿರುದ್ಧ ಲೇಖನ ಬರೆದು ಬದುಕಿದ. ವಿಮರ್ಶಕ ವಾಲ್ಟರ್ ಬೆಂಜಮಿನ್ ಪರಿಚಯವಾದದ್ದು ಅಲ್ಲೇ, 1919ರಲ್ಲಿ.

ಯುದ್ಧದ ನಡುವೆ ಬರೆದ ‘ಯುಟೋಪಿಯಾದ ಚೇತನ’ 1918ರಲ್ಲಿ ಬಂತು; ಯುಟೋಪಿಯಾ ಎಂದರೆ ಎಲ್ಲೂ ಇಲ್ಲದ ಆದರ್ಶ ಲೋಕ. ತಿದ್ದಿ ಬರೆದ ಎರಡನೆಯ ರೂಪ 1923ರಲ್ಲಿ. ಈ ಎರಡನೆಯದರ ಆರಂಭ ಹೀಗಿದೆ: ನಾನಿದ್ದೇನೆ. ನಾವಿದ್ದೇವೆ. ಅಷ್ಟು ಸಾಕು. ಇನ್ನು ಶುರುಮಾಡಬೇಕು. ತತ್ವಶಾಸ್ತ್ರದ ಪುಸ್ತಕ ಹೀಗೆ ಶುರುವಾಗುವುದು ವಿರಳ. ಒಳಗೆ ಒಂದು ಹಳೆಯ ಮಣ್ಣಿನ ಹೂಜಿಯ ಮೇಲೆ ಕೆಲವು ಪುಟ, ಆಮೇಲೆ ಸಂಗೀತದ ಮೇಲೆ ಪುಸ್ತಕದ ಬಹುದೊಡ್ಡ ಭಾಗ, ಕೊನೆಗೆ ಮಾರ್ಕ್ಸ್, ಸಾವು, ಅಂತಿಮ ದಿನ. ಒಳಗಿನ ಭಾವವನ್ನು ಉಗ್ರವಾಗಿ ಹೊರಹಾಕುತ್ತಿದ್ದ ಎಕ್ಸ್‌ಪ್ರೆಷನಿಸ್ಟ್ ಕಲೆಯ ಕಾಲದ ಏರುದನಿ ಇದೆ, ಎಲ್ಲ ಕಡೆಯೂ ಅರ್ಥ ಸ್ಫುಟವಾಗುವುದಿಲ್ಲ. 1921ರಲ್ಲಿ ಥಾಮಸ್ ಮ್ಯುಂಟ್ಸರ್ ಕುರಿತ ಪುಸ್ತಕ ಬಂತು. 1525ರ ರೈತ ಬಂಡಾಯದ ಮುಂದಾಳಾಗಿದ್ದ ಆ ಪಾದ್ರಿಯಲ್ಲಿ ಬ್ಲಾಖ್ ಕಂಡದ್ದು, ಧರ್ಮದ ಭಾಷೆಯಲ್ಲೇ ಮಾತಾಡಿದ ಕ್ರಾಂತಿಯನ್ನು. ಅದೇ ವರ್ಷದ ಜನವರಿಯಲ್ಲಿ ಮೊದಲ ಹೆಂಡತಿ, ರೀಗಾದ ಶಿಲ್ಪಿ ಎಲ್ಸೆ ಫಾನ್ ಸ್ಟ್ರಿಟ್ಸ್ಕಿ, ತೀರಿಕೊಂಡಿದ್ದಳು.

1920ರ ದಶಕದ ಬರ್ಲಿನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ನಾಟಕಕಾರ ಬ್ರೆಖ್ಟ್, ಚಿಂತಕರಾದ ಬೆಂಜಮಿನ್, ಅಡೊರ್ನೊ, ಕ್ರಾಕೌವರ್ ಇವರ ಜೊತೆ ಓಡಾಟ, ಪತ್ರಿಕೆಗಳಿಗೆ ಬರಹ, 1930ರಲ್ಲಿ ‘ಕುರುಹುಗಳು’ ಎಂಬ ಚಿಕ್ಕ ಕಥನಗಳ ಸಂಗ್ರಹ. ನಿಲ್ಲಬೇಕಾದದ್ದು ನಾಜಿಗಳ ಬಗ್ಗೆ ಅವನು ಬರೆದ ‘ಈ ಕಾಲದ ಪಿತ್ರಾರ್ಜಿತ’ದ ಹತ್ತಿರ. 1935ರ ಇಸವಿ ಹೊತ್ತು ಜ್ಯೂರಿಕ್‌ನಲ್ಲಿ ಪ್ರಕಟವಾಯಿತು. ಅದರ ನಡುಭಾಗದ ಪ್ರಬಂಧ 1932ರ ಮೇ ತಿಂಗಳದ್ದು, ಅಂದರೆ ಹಿಟ್ಲರ್ ಅಧಿಕಾರಕ್ಕೆ ಬರುವ ಮುಂಚಿನದು. ಎಲ್ಲರೂ ಒಂದೇ ‘ಈಗ’ದಲ್ಲಿ ಬದುಕುತ್ತಿಲ್ಲ ಎಂಬುದು ಅದರ ಮೊದಲ ಮಾತು. ಅವನು ಮೂರು ಗುಂಪು ಗುರುತಿಸಿದ. ಯುವಕರು: ನಿರುದ್ಯೋಗದಿಂದ ಖಾಲಿಯಾದ ‘ಈಗ’ಕ್ಕೆ ಬೆನ್ನು ತಿರುಗಿಸಿದವರು. ರೈತರು: ತಮ್ಮ ನೆಲ, ತಮ್ಮ ಹಳೆಯ ಉತ್ಪಾದನೆಯ ಕ್ರಮ ಇಟ್ಟುಕೊಂಡು ಬೇರೊಂದು ಕಾಲದಲ್ಲಿ ಇರುವವರು. ಬಡತನಕ್ಕೆ ಜಾರಿದ ಮಧ್ಯಮ ವರ್ಗ: ಯುದ್ಧದ ಮುಂಚಿನ ನೆಮ್ಮದಿಗೆ ಹಂಬಲಿಸುವ ಗುಮಾಸ್ತರು, ಅಂಗಡಿಕಾರರು.

ಇವರ ಸಿಟ್ಟು ನಿಜ, ಇವರ ಕನಸುಗಳೂ ನಿಜ. ಕಮ್ಯುನಿಸ್ಟರು ಇವರೆದುರು ಸಂಬಳದ ಅಂಕಿಅಂಶ ಓದಿದರು. ನಾಜಿಗಳು ನೆಲ, ನಾಡು, ಸಾವಿರ ವರ್ಷದ ಸಾಮ್ರಾಜ್ಯ ಎಂಬ ಚಿತ್ರಗಳನ್ನು ಕದ್ದು ತಮ್ಮದಾಗಿಸಿಕೊಂಡರು. ಆ ಚಿತ್ರಗಳನ್ನು ‘ಮೌಢ್ಯ’ ಎಂದು ತಳ್ಳಿಹಾಕಿದ್ದೇ ಎಡಪಕ್ಷಗಳ ಸೋಲಿನ ಒಂದು ದೊಡ್ಡ ಕಾರಣ ಎಂದ ಬ್ಲಾಖ್. ಕಳ್ಳನಿಂದ ವಾಪಸು ಪಡೆಯಬೇಕೇ ಹೊರತು, ಕಳುವಾದ ಒಡವೆಯನ್ನೇ ತೆಗಳಬಾರದು. ಅವನ ಪುಸ್ತಕಗಳಲ್ಲಿ ಇವತ್ತಿಗೂ ಅತಿ ಹೆಚ್ಚು ಕೆಲಸಕ್ಕೆ ಬರುವ ವಿಚಾರ ಇದೇ ಎಂದು ನನಗನ್ನಿಸುತ್ತದೆ, ಅವನ ಅತಿ ದೊಡ್ಡ ಕೃತಿ ‘ಭರವಸೆಯ ತತ್ವ’ಕ್ಕಿಂತಲೂ.

1933ರ ಮಾರ್ಚಿನಲ್ಲಿ ಜರ್ಮನಿ ಬಿಟ್ಟದ್ದಾಯಿತು. ಸ್ವಿಟ್ಜರ್ಲೆಂಡ್ ಹೊರಹಾಕಿದ ಮೇಲೆ ವಿಯೆನ್ನಾ, ಪ್ಯಾರಿಸ್, ಪ್ರಾಗ್. 1934ರಲ್ಲಿ ವಿಯೆನ್ನಾದಲ್ಲಿ ಕರೋಲಾ ಪಿಯೋತ್ರ್ಕೋವ್ಸ್ಕಾ ಜೊತೆ ಮದುವೆ. ಪೋಲೆಂಡಿನ ವೂಚ್ ಪಟ್ಟಣದ ಯಹೂದಿ ಕುಟುಂಬದವಳು, ಬ್ಲಾಖ್‌ಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಪದವಿ ಪಡೆದ ವಾಸ್ತುಶಿಲ್ಪಿ, ಕಮ್ಯುನಿಸ್ಟ್ ಪಕ್ಷದ ಗುಪ್ತ ಕೆಲಸಕ್ಕೂ ಹೆದರದವಳು. ಬ್ಲಾಖ್ ಬದುಕನ್ನು ಹೇಳುವವರು ಕರೋಲಾಳಿಗೆ ಒಂದು ಸಾಲು ಕೊಟ್ಟು ಸುಮ್ಮನಾಗುತ್ತಾರೆ. ಅದು ಅನ್ಯಾಯ. 1938ರಲ್ಲಿ ಅಮೆರಿಕ ಸೇರಿದ ಮೇಲೆ ಮನೆ ನಡೆದದ್ದು ಆಕೆಯ ದುಡಿಮೆಯಿಂದ. ಬ್ಲಾಖ್‌ಗೆ ಇಂಗ್ಲಿಷ್ ಒಗ್ಗಲಿಲ್ಲ, ಒಗ್ಗಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಭಾಷೆ ಕಳೆದುಕೊಂಡರೆ ಸಂಸ್ಕೃತಿಯೂ ಹೋಯಿತು ಎಂದು ನಂಬಿದ್ದ. ಹಾರ್ಕ್‌ಹೈಮರ್‌ನ ಸಾಮಾಜಿಕ ಸಂಶೋಧನಾ ಸಂಸ್ಥೆ ಅವನಿಗೆ ಕೆಲಸ ಕೊಡಲಿಲ್ಲ. 1937ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಮಗ ಯಾನ್ ರಾಬರ್ಟ್‌ನನ್ನೂ ಸೇರಿ ಮೂವರ ಸಂಸಾರವನ್ನು ಕರೋಲಾ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ದುಡಿದು ಸಾಕಿದಳು. ಪೋಲೆಂಡಿನಲ್ಲಿದ್ದ ಆಕೆಯ ತಂದೆತಾಯಿಯರನ್ನು ನಾಜಿಗಳು ಕೊಂದರು. ‘ಭರವಸೆಯ ತತ್ವ’ದ ಹಸ್ತಪ್ರತಿ ಬೆಳೆದದ್ದು ಈ ಮನೆಯಲ್ಲಿ.

ಈಗ ಆ ನಪಾಸಿನ ವಿಷಯ. 1936ರಿಂದ 1938ರವರೆಗೆ ಮಾಸ್ಕೋದಲ್ಲಿ ಸ್ಟಾಲಿನ್ ನಡೆಸಿದ ವಿಚಾರಣೆಗಳಲ್ಲಿ ಕ್ರಾಂತಿಯ ಹಳೆಯ ನಾಯಕರೇ ತಾವು ದ್ರೋಹಿಗಳೆಂದು ಒಪ್ಪಿಕೊಂಡು ಗುಂಡಿಗೆ ಬಲಿಯಾದರು. ಪ್ರಾಗ್‌ನಲ್ಲಿದ್ದ ಬ್ಲಾಖ್ ವಲಸಿಗರ ಪತ್ರಿಕೆಯೊಂದರಲ್ಲಿ ಈ ವಿಚಾರಣೆಗಳನ್ನು ಸಮರ್ಥಿಸಿ ಬರೆದ. ಒಮ್ಮೆ ಬಾಯಿತಪ್ಪಿ ಅಂದದ್ದಲ್ಲ, ಮತ್ತೆ ಮತ್ತೆ ಬರೆದದ್ದು. ಹಿಟ್ಲರ್‌ಗೆ ಎದುರು ನಿಲ್ಲಬಲ್ಲ ಏಕೈಕ ಶಕ್ತಿ ಸೋವಿಯತ್ ಒಕ್ಕೂಟ, ಅದನ್ನು ಅನುಮಾನಿಸಿದರೆ ಫ್ಯಾಸಿಸಮ್ಮಿಗೆ ಅನುಕೂಲ ಎಂಬುದು ಅವನ ತರ್ಕ. ಆ ಹೊತ್ತಿನಲ್ಲಿ ಹಾಗೆ ಯೋಚಿಸಿದವರು ಬೇಕಾದಷ್ಟು ಮಂದಿ. ಆದರೆ ಅದೇ ಮಾಹಿತಿ ಕೈಯಲ್ಲಿದ್ದು ಬೇರೆ ತೀರ್ಮಾನಕ್ಕೆ ಬಂದವರೂ ಇದ್ದರು. ಅವನ ದರ್ಶನದ ಭಾಷೆಯಲ್ಲೇ ಹೇಳುವುದಾದರೆ, ಮುಂದೆ ಬರಬೇಕಾದದ್ದು ಈಗಾಗಲೇ ಒಂದು ದೇಶದಲ್ಲಿ ಬಂದುಬಿಟ್ಟಿದೆ ಎಂದು ನಂಬಿದ್ದು ತಪ್ಪಾಯಿತು. ‘ಇನ್ನೂ ಇಲ್ಲ’ ಎಂದು ಜೀವನವಿಡೀ ಹೇಳಿದವನು ಅಲ್ಲಿ ‘ಇದೆ’ ಎಂದ. ಭರವಸೆ ಖಾತ್ರಿಯಾಗಿ ಗಟ್ಟಿಯಾದಾಗ ಏನಾಗುತ್ತದೆ ಎಂಬುದಕ್ಕೆ ಅವನ ಆ ಲೇಖನಗಳಿಗಿಂತ ಸ್ಪಷ್ಟ ಉದಾಹರಣೆ ಬೇಡ. ಬ್ಲಾಖ್‌ನನ್ನು ಇಷ್ಟಪಡುವವರು ಇದನ್ನು ಮುಚ್ಚಿಡಬಾರದು. ಬೈಯುವವರು ಇದೊಂದನ್ನೇ ಹಿಡಿದು ಉಳಿದದ್ದನ್ನು ಎಸೆಯಲೂಬಾರದು.

ಇನ್ನು ಆ ದೊಡ್ಡ ಪುಸ್ತಕ, ‘ಭರವಸೆಯ ತತ್ವ’. ಅಮೆರಿಕದಲ್ಲಿ 1938ರಿಂದ 1947ರವರೆಗೆ ಬರೆದದ್ದು, 1953 ಮತ್ತು 1959ರಲ್ಲಿ ಪರಿಷ್ಕರಿಸಿದ್ದು. ಮೊದಲು ಇಡಬೇಕೆಂದಿದ್ದ ಹೆಸರು ‘ಮೇಲಾದ ಬದುಕಿನ ಕನಸುಗಳು’. ಜರ್ಮನ್ ಆವೃತ್ತಿಯಲ್ಲಿ 1,600ಕ್ಕೂ ಹೆಚ್ಚು ಪುಟ, 55 ಅಧ್ಯಾಯ, ಐದು ಭಾಗ. ಮೊದಲ ಭಾಗ ಒಂದು ‘ವರದಿ’: ಮಗು, ಹುಡುಗ, ನಡುವಯಸ್ಸಿನವರು, ಮುದುಕರು ಕಾಣುವ ಚಿಕ್ಕ ಹಗಲುಗನಸುಗಳು, ಎಂಟು ಪುಟ್ಟ ಅಧ್ಯಾಯಗಳಲ್ಲಿ. ಎರಡನೆಯದು ‘ಬುನಾದಿ’, 9ರಿಂದ 22: ಮೇಲೆ ಹೇಳಿದ ಹಸಿವು, ಹಗಲುಗನಸು, ಇನ್ನೂ ಅರಿವಿಗೆ ಬಾರದ್ದು, ಸಾಧ್ಯತೆ ಎಲ್ಲ ಇಲ್ಲಿವೆ. ಮೂರನೆಯದರಲ್ಲಿ ಅಂಗಡಿಯ ಗಾಜಿನ ಕಿಟಕಿ, ಕಾಲ್ಪನಿಕ ಕಥೆ, ಜಾತ್ರೆ, ಪ್ರವಾಸ, ಸಿನಿಮಾ. ಮಾರುಕಟ್ಟೆ ನಮ್ಮ ಬಯಕೆಗಳನ್ನು ಹೇಗೆ ತೋರಿಸಿ ಹೇಗೆ ವಂಚಿಸುತ್ತದೆ ಎಂಬುದು ಈ ಭಾಗ. ನಾಲ್ಕನೆಯದು ಅತಿ ದೊಡ್ಡದು: ವೈದ್ಯದ ಕನಸು, ಸಾಮಾಜಿಕ ಯುಟೋಪಿಯಾಗಳು, ತಂತ್ರಜ್ಞಾನ, ಕಟ್ಟಡ, ಚಿನ್ನದ ನಾಡು ಎಲ್ಡೊರಾಡೊ ಹುಡುಕಿ ಹೊರಟ ಹಡಗುಗಳು, ಚಿತ್ರಕಲೆ, ಕೊನೆಗೆ ಎಂಟು ಗಂಟೆಯ ದುಡಿಮೆ ಮತ್ತು ಬಿಡುವು. ಐದನೆಯದರಲ್ಲಿ ಫೌಸ್ಟ್, ಡಾನ್ ಕಿಹೋಟೆ, ಸಂಗೀತ, ಸಾವು, ಧರ್ಮ.

ಈ ಎಲ್ಲದರ ಕೀಲಿ 18ನೇ ಅಧ್ಯಾಯದಲ್ಲಿದೆ: ಸಾಧ್ಯತೆಯ ಪದರಗಳು. ಇಲ್ಲಿ ಅವಸರಪಟ್ಟರೆ ಮಿಕ್ಕದ್ದೆಲ್ಲ ಕವಿತೆಯಂತೆ ಕಾಣುತ್ತದೆ, ದರ್ಶನವಾಗಿ ಕಾಣುವುದಿಲ್ಲ. ಬ್ಲಾಖ್ ನಾಲ್ಕು ಪದರ ಬಿಡಿಸುತ್ತಾನೆ.

ಮೊದಲನೆಯದು ಬರೀ ರೂಪದ ಸಾಧ್ಯತೆ. ಬಾಯಲ್ಲಿ ಹೇಳಬಹುದು, ಯೋಚಿಸಬಹುದು, ಅಷ್ಟೆ. ‘ದುಂಡನೆಯ ಚೌಕ’ ಅನ್ನುವುದು ವಿರೋಧಾಭಾಸವೇ ಆದರೂ ಮಾತಾಗಿ ಆಡಬಹುದು. ಎರಡನೆಯದು ನಮ್ಮ ತಿಳಿವಳಿಕೆಗೆ ಸಂಬಂಧಿಸಿದ್ದು. ‘ನಾಳೆ ಮಳೆ ಬರಬಹುದು’ ಎನ್ನುವಾಗ ಮಳೆಗೆ ಬೇಕಾದ ಕಾರಣಗಳಲ್ಲಿ ಕೆಲವು ಗೊತ್ತು, ಎಲ್ಲವೂ ಗೊತ್ತಿಲ್ಲ. ಈ ‘ಬಹುದು’ ನಮ್ಮ ಅರೆ ಅರಿವಿನದು, ಮೋಡದ್ದಲ್ಲ. ಮೂರನೆಯದು ವಸ್ತುವಿನ ಒಳಗಿನ ರಚನೆಯದು. ಬೀಜ ಮೊಳೆಯಬಲ್ಲದು, ಕಲ್ಲು ಮೊಳೆಯಲಾರದು. ಇಲ್ಲಿ ಎರಡು ಬಗೆ ಸೇರಬೇಕು: ಒಳಗಿನ ಕಸುವು, ಹೊರಗಿನಿಂದ ಒದಗುವ ಅನುಕೂಲ. ಎರಡರಲ್ಲಿ ಒಂದು ಕೈಕೊಟ್ಟರೂ ಆಗುವುದಿಲ್ಲ. ರಾಜಕೀಯಕ್ಕೆ ತಂದರೆ, ಜನರ ಇಚ್ಛೆ ಮಾತ್ರ ಇದ್ದು ಪರಿಸ್ಥಿತಿ ಮಾಗದಿದ್ದರೆ ದಂಗೆ ಬಡಿದುಹಾಕಲ್ಪಡುತ್ತದೆ. ಪರಿಸ್ಥಿತಿ ಮಾಗಿದ್ದು ಇಚ್ಛೆ ಇಲ್ಲದಿದ್ದರೆ ಹೊತ್ತು ಕಳೆದುಹೋಗುತ್ತದೆ. ನಾಲ್ಕನೆಯದು ಬ್ಲಾಖ್‌ಗೆ ಮುಖ್ಯವಾದದ್ದು, ನಿಜಲೋಕದ ಸಾಧ್ಯತೆ: ಬೀಜದಲ್ಲಿ ಮರ ಅಡಗಿರುವಂತೆ ಮೊದಲೇ ಮುಗಿದಿರುವುದಲ್ಲ, ಹೊಸದು ನಿಜಕ್ಕೂ ಹುಟ್ಟಬಲ್ಲ ಜಾಗ. ಲೋಕವೇ ಇನ್ನೂ ಮುಗಿದಿಲ್ಲ ಎಂಬುದು ಇದರರ್ಥ. ‘ಸ’ (ಸಬ್ಜೆಕ್ಟ್) ಎಂಬುದು ಇನ್ನೂ ‘ಪ’ (ಪ್ರೆಡಿಕೇಟ್) ಆಗಿಲ್ಲ ಎಂಬ ಸೂತ್ರದಲ್ಲಿ ಅವನು ಇದನ್ನು ಅಡಕಮಾಡಿದ. ಕರ್ತೃವಿಗೆ ಅದರ ವಿಧೇಯ, ಅಂದರೆ ಅದು ಏನೆಂದು ಹೇಳುವ ಮಾತು, ಇನ್ನೂ ಪೂರ್ತಿ ದೊರಕಿಲ್ಲ.

ಇದಕ್ಕೆ ಅವನು ಅರಿಸ್ಟಾಟಲ್‌ವರೆಗೆ ಹಿಂದೆ ಹೋಗುತ್ತಾನೆ. ವಸ್ತುವನ್ನು ಅರಿಸ್ಟಾಟಲ್ ಎರಡು ರೀತಿ ನೋಡಿದ್ದ: ಈ ಕ್ಷಣ ಯಾವುದು ಆಗಬಹುದು ಎಂದು ಎಲ್ಲೆ ಹಾಕುವುದು, ಮುಂದೆ ಯಾವುದೂ ಆಗಬಹುದು ಎಂದು ಎಲ್ಲೆ ತೆರೆಯುವುದು. ಬ್ಲಾಖ್ ಮಾರ್ಕ್ಸ್‌ವಾದದಲ್ಲಿ ಕಂಡ ‘ತಂಪು ಹರಿವು’ ಮತ್ತು ‘ಬೆಚ್ಚನೆ ಹರಿವು’ ಇದರಿಂದಲೇ ಬಂದವು. ತಂಪು ಹರಿವು ಎಂದರೆ ಲೆಕ್ಕಾಚಾರ, ವಿಶ್ಲೇಷಣೆ, ಭ್ರಮೆ ಬಿಡಿಸುವುದು. ಬೆಚ್ಚನೆಯದು ಗುರಿ, ಹಂಬಲ, ಅದಕ್ಕಾಗಿ ಹೋರುವ ಉರಿ. ಬರೀ ತಂಪು ಇದ್ದರೆ ಆರ್ಥಿಕ ವರದಿ ಉಳಿಯುತ್ತದೆ. ಬರೀ ಬಿಸಿ ಇದ್ದರೆ ಗಾಳಿಗೋಪುರ. ಅವನು ‘ಮೂರ್ತ ಯುಟೋಪಿಯಾ’ ಎಂದದ್ದು ಇವೆರಡೂ ಕೂಡಿದ್ದಕ್ಕೆ.

36ನೇ ಅಧ್ಯಾಯ ಒಂದು ಪುಸ್ತಕದಷ್ಟಿದೆ. ‘ಸ್ವಾತಂತ್ರ್ಯ ಮತ್ತು ವ್ಯವಸ್ಥೆ’ ಎಂಬ ಹೆಸರಲ್ಲಿ 1946ರಲ್ಲೇ ನ್ಯೂಯಾರ್ಕಿನ ಔರೋರಾ ಪ್ರಕಾಶನದಿಂದ ಬಿಡಿಯಾಗಿ ಬಂದಿತ್ತು. ದೇಶಭ್ರಷ್ಟ ಜರ್ಮನ್ ಲೇಖಕರು ಕೂಡಿ 1944ರಲ್ಲಿ ಕಟ್ಟಿದ ಪ್ರಕಾಶನ ಅದು. ಬ್ರೆಖ್ಟ್, ಹೈನ್‌ರಿಖ್ ಮಾನ್, ಬ್ಲಾಖ್ ಎಲ್ಲ ಸ್ಥಾಪಕರು. ಈ ಅಧ್ಯಾಯದಲ್ಲಿ ‘ಯುಟೋಪಿಯಾ’ ಬರೆದ ಇಂಗ್ಲೆಂಡಿನ ಥಾಮಸ್ ಮೋರ್ ಮತ್ತು ಇಟಲಿಯ ಸನ್ಯಾಸಿ ಕಂಪನೆಲ್ಲಾ ಎದುರುಬದುರು ನಿಲ್ಲುತ್ತಾರೆ. ಮೋರ್‌ನ 1516ರ ದ್ವೀಪದಲ್ಲಿ ದಿನಕ್ಕೆ ಆರು ಗಂಟೆ ಕೆಲಸ, ಮಿಕ್ಕದ್ದು ಜನರ ಇಚ್ಛೆ. ಕಂಪನೆಲ್ಲಾನ ಸೂರ್ಯನಗರದಲ್ಲಿ ನಾಲ್ಕೇ ಗಂಟೆ, ಆದರೆ ಯಾರು ಯಾರನ್ನು ಕೂಡಬೇಕು ಎಂಬುದನ್ನೂ ಅಧಿಕಾರಿಗಳೇ ಗೊತ್ತುಮಾಡುತ್ತಾರೆ. ಮೊದಲನೆಯದು ಸ್ವಾತಂತ್ರ್ಯದ ಯುಟೋಪಿಯಾ, ಎರಡನೆಯದು ವ್ಯವಸ್ಥೆಯದು. ಗಂಟೆ ಕಡಿಮೆಯಾದ ಕಡೆ ಸ್ವಾತಂತ್ರ್ಯ ಹೆಚ್ಚು ಎಂದೇನಿಲ್ಲ ಎಂಬುದು ಈ ಹೋಲಿಕೆಯಿಂದ ಕೂಡಲೇ ತಿಳಿಯುತ್ತದೆ. ಕಾರ್ಖಾನೆಯ ಕಾಲದ ಮೊದಲ ಸಮಾಜವಾದಿಗಳಾದ ಓವೆನ್, ಫುರಿಯೆ, ಸಾಂ-ಸಿಮೋನ್‌ರನ್ನೂ ಅವನು ಇದೇ ಒರೆಗಲ್ಲಿಗೆ ಹಚ್ಚುತ್ತಾನೆ.

1949ರಲ್ಲಿ ಪೂರ್ವ ಜರ್ಮನಿಯ ಲೈಪ್ಜಿಗ್‌ನಲ್ಲಿ ಪ್ರೊಫೆಸರ್ ಆಗಿ ಬಂದ. ಹಿಂದೆ ದಾರ್ಶನಿಕ ಗಾಡಮರ್ ಇದ್ದ ಪೀಠ. ‘ಭರವಸೆಯ ತತ್ವ’ದ ಸಂಪುಟಗಳು ಬರ್ಲಿನ್‌ನ ಔಫ್‌ಬೌ ಪ್ರಕಾಶನದಿಂದ 1954, 1955, 1959ರಲ್ಲಿ ಬಂದವು, 1955ರಲ್ಲಿ ರಾಷ್ಟ್ರೀಯ ಪ್ರಶಸ್ತಿಯೂ ಬಂತು. ಅವನು ಆಳುವ ಪಕ್ಷದ ಸದಸ್ಯನಾಗಲಿಲ್ಲ. 1956 ಎಲ್ಲವನ್ನೂ ಅಲುಗಿಸಿತು. ಫೆಬ್ರವರಿಯಲ್ಲಿ ಕ್ರುಶ್ಚೇವ್ ಸ್ಟಾಲಿನ್‌ನ ಅಪರಾಧಗಳನ್ನು ಬಿಚ್ಚಿಟ್ಟ. ಶರತ್ಕಾಲದಲ್ಲಿ ಸೋವಿಯತ್ ಹಿಡಿತದ ವಿರುದ್ಧ ಹಂಗೆರಿ ಎದ್ದಿತು. ನವೆಂಬರ್ 14ರಂದು, ಹೆಗೆಲ್ ತೀರಿಕೊಂಡು 125 ವರ್ಷ ತುಂಬಿದ ದಿನ, ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಮಾತಾಡಿದ ಬ್ಲಾಖ್, ಇನ್ನು ‘ಮ್ಯೂಲೆ’ ಬಿಟ್ಟು ಚದುರಂಗ ಆಡುವ ಕಾಲ ಬಂದಿದೆ ಎಂದ. ಮ್ಯೂಲೆ ಎಂದರೆ ನಮ್ಮ ಜಗಲಿಗಳಲ್ಲಿ ಆಡುತ್ತಿದ್ದ ನವಕಂಕರಿಯೇ: ಒಂಬತ್ತು ಕಾಯಿ, ಎಲ್ಲ ಕಾಯಿಯೂ ಒಂದೇ ಥರ, ಮೂರು ಕೂಡಿಸಿದರೆ ಎದುರಾಳಿಯ ಒಂದು ಕಾಯಿ ಹೊರಕ್ಕೆ. ಒಂದೇ ಥರದ ಸರಳ ನಡೆ ಸಾಕು, ಇನ್ನು ಯೋಚನೆ ಬೇಕು ಎಂಬ ಇಂಗಿತ ಸಭೆಯಲ್ಲಿದ್ದವರಿಗೆ ಅರ್ಥವಾಗದೆ ಇರಲಿಲ್ಲ.

ಎರಡು ವಾರದಲ್ಲಿ, ನವೆಂಬರ್ 29ಕ್ಕೆ, ಅವನ ಜೊತೆ ತತ್ವಶಾಸ್ತ್ರದ ಪತ್ರಿಕೆ ನಡೆಸುತ್ತಿದ್ದ ವೋಲ್ಫ್‌ಗಾಂಗ್ ಹಾರಿಖ್ ಬಂಧನವಾಯಿತು. ಮುಂದಿನ ವರ್ಷ ಹತ್ತು ವರ್ಷದ ಸಜೆ. ಔಫ್‌ಬೌ ಪ್ರಕಾಶನದ ಮುಖ್ಯಸ್ಥ ವಾಲ್ಟರ್ ಯಾಂಕಾಗೆ ಐದು ವರ್ಷ. 1957ರ ಜನವರಿಯಲ್ಲಿ ಲೈಪ್ಜಿಗ್‌ನ ಪಕ್ಷದ ಘಟಕ ಬ್ಲಾಖ್‌ಗೆ ಬಹಿರಂಗ ಪತ್ರ ಬರೆಯಿತು: ನಿಮ್ಮ ದರ್ಶನ ಮಾರ್ಕ್ಸ್‌ವಾದವಲ್ಲ, ಯುವಕರನ್ನು ದಾರಿ ತಪ್ಪಿಸುತ್ತಿದ್ದೀರಿ. ಅದೇ ವರ್ಷ ಒತ್ತಾಯದ ನಿವೃತ್ತಿ. ಅವನನ್ನು ಖಂಡಿಸಲೆಂದೇ ಒಂದು ಸಮ್ಮೇಳನ, ಒಂದು ಪುಸ್ತಕ. ಕರೋಲಾಳನ್ನು ಪಕ್ಷದಿಂದ ಹೊರಹಾಕಿದರು. ಹೆಚ್ಚು ಬೆಲೆ ತೆತ್ತವರು ವಿದ್ಯಾರ್ಥಿಗಳು. ಗುರುವನ್ನು ಅಲ್ಲಗಳೆಯಲು ಒಪ್ಪದ ಯುರ್ಗನ್ ಟೆಲರ್‌ನನ್ನು ಕಾರ್ಖಾನೆಗೆ ದುಡಿಯಲು ಕಳಿಸಿದರು. ಅಲ್ಲಿ ನಡೆದ ಅವಘಡದಲ್ಲಿ ಅವನು ಒಂದು ತೋಳು ಕಳೆದುಕೊಂಡ.

1961ರ ಆಗಸ್ಟ್ 13ರಂದು ಬರ್ಲಿನ್ ಗೋಡೆ ಎದ್ದಾಗ ಬ್ಲಾಖ್ ದಂಪತಿ ಪಶ್ಚಿಮ ಜರ್ಮನಿಯಲ್ಲಿದ್ದರು. ಹಿಂತಿರುಗಲಿಲ್ಲ. ಟ್ಯೂಬಿಂಗನ್ ವಿಶ್ವವಿದ್ಯಾಲಯ ಅತಿಥಿ ಪ್ರಾಧ್ಯಾಪಕನಾಗಿ ಕರೆಯಿತು. ಆ ನವೆಂಬರ್ 17ರಂದು, 76ರ ಹಿರಿಯ ತನ್ನ ಮೊದಲ ಉಪನ್ಯಾಸಕ್ಕೆ ಆರಿಸಿಕೊಂಡ ಪ್ರಶ್ನೆ: ಭರವಸೆ ಹುಸಿಯಾಗಬಹುದೇ? ಆಗಬಹುದು ಎಂದ, ಹುಸಿಯಾಗಲೇಬೇಕು, ಇಲ್ಲದಿದ್ದರೆ ಅದು ಭರವಸೆಯೇ ಅಲ್ಲ. ಖಾತ್ರಿಯಿದ್ದ ಕಡೆ ಭರವಸೆಗೆ ಕೆಲಸವಿಲ್ಲ. ಅದರ ಸುತ್ತ ಯಾವಾಗಲೂ ಅಪಾಯ ಇರುತ್ತದೆ. ಆದರೆ ಹುಸಿಯಾದದ್ದರಿಂದ ಅದು ಕಲಿಯಬಲ್ಲದು, ಏಕೆಂದರೆ ಆದದ್ದನ್ನು ಅಳೆಯಲು ಗುರಿ ಅದರ ಕೈಯಲ್ಲಿದೆ. ಸೋತ ಕ್ರಾಂತಿಯನ್ನು ಆ ಕ್ರಾಂತಿ ಕೊಟ್ಟ ಮಾತಿನಿಂದಲೇ ಅಳೆಯಬಹುದು. ಮಾಸ್ಕೋ ವಿಚಾರಣೆಗಳನ್ನು ಸಮರ್ಥಿಸಿದ 1937ರ ಬ್ಲಾಖ್‌ಗೆ 1961ರ ಬ್ಲಾಖ್ ಕೊಟ್ಟ ಉತ್ತರ ಎಂದೇ ನಾನು ಇದನ್ನು ಓದುತ್ತೇನೆ, ಅವನು ಹಾಗೆಂದು ಬಾಯಿಬಿಟ್ಟು ಹೇಳದಿದ್ದರೂ.

ಟ್ಯೂಬಿಂಗನ್ನಿನ ಹದಿನಾರು ವರ್ಷ ಸುಗ್ಗಿಯ ಕಾಲ. 1961ರಲ್ಲಿ ‘ಸಹಜ ಹಕ್ಕು ಮತ್ತು ಮಾನವ ಘನತೆ’ ಬಂತು. ಯುಟೋಪಿಯಾ ಸುಖ ಕೇಳುತ್ತದೆ, ಹಕ್ಕಿನ ಪರಂಪರೆ ಘನತೆ ಕೇಳುತ್ತದೆ, ಒಂದಿಲ್ಲದೆ ಇನ್ನೊಂದು ನಿಲ್ಲದು ಎನ್ನುವ ಪುಸ್ತಕ. ಪೂರ್ವ ಜರ್ಮನಿಯ ಅನುಭವ ಇದರ ಹಿಂದಿದೆ. 1967ರಲ್ಲಿ ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ, 1968ರಲ್ಲಿ ‘ಕ್ರೈಸ್ತಧರ್ಮದೊಳಗಿನ ನಾಸ್ತಿಕತೆ’, 1975ರಲ್ಲಿ ಕೊನೆಯ ದೊಡ್ಡ ಕೃತಿ ‘ಎಕ್ಸ್‌ಪೆರಿಮೆಂಟುಮ್ ಮುಂಡಿ’ (ಲೋಕವೆಂಬ ಪ್ರಯೋಗ). ಯುರ್ಗನ್ ಮೋಲ್ಟ್‌ಮನ್‌ನ ‘ಭರವಸೆಯ ದೇವತಾಶಾಸ್ತ್ರ’ (1964) ಬ್ಲಾಖ್ ಜೊತೆಗಿನ ಸಂವಾದದಿಂದ ಹುಟ್ಟಿತು. ಹಾನ್ಸ್ ಯೋನಾಸ್ 1979ರಲ್ಲಿ ತನ್ನ ಪುಸ್ತಕಕ್ಕೆ ‘ಹೊಣೆಗಾರಿಕೆಯ ತತ್ವ’ ಎಂದು ಹೆಸರಿಟ್ಟದ್ದೇ ಬ್ಲಾಖ್‌ಗೆ ಎದುರುತ್ತರವಾಗಿ. ವಿದ್ಯಾರ್ಥಿ ನಾಯಕ ರೂಡಿ ಡುಚ್ಕೆ ಗೆಳೆಯನಾದ. ಕಣ್ಣು ಬಹುಮಟ್ಟಿಗೆ ಹೋದ ಮೇಲೂ ಬೇರೆಯವರಿಂದ ಓದಿಸಿಕೊಂಡು, ಹೇಳಿ ಬರೆಸಿದ. ಸಾಯುವ ಕೆಲವು ವಾರ ಮುಂಚೆ ನ್ಯೂಟ್ರಾನ್ ಬಾಂಬಿನ ವಿರುದ್ಧ ದನಿ ಎತ್ತಿದ್ದ. 1977ರ ಆಗಸ್ಟ್ 4ರಂದು, 92ರ ವಯಸ್ಸಿನಲ್ಲಿ, ತೀರಿಕೊಂಡ. ಕರೋಲಾ 1994ರವರೆಗೆ ಬದುಕಿದ್ದಳು. ಸೆರೆಯಿಂದ ಬಿಡುಗಡೆಯಾದವರಿಗೆ ನೆರವಾಗುವ ಸಂಘಟನೆಯಲ್ಲಿ ದುಡಿದಳು, ತನ್ನ ಬದುಕಿನ ಕಥೆಯನ್ನು 1981ರಲ್ಲಿ ಪ್ರಕಟಿಸಿದಳು.

ಓದಬೇಕೆನ್ನುವವರಿಗೆ ಕೆಲವು ಮಾತು. ‘ಭರವಸೆಯ ತತ್ವ’ವನ್ನು ಮೊದಲ ಪುಟದಿಂದ ಸಾಲಾಗಿ ಓದಲು ಹೊರಟವರು ಹೆಚ್ಚಾಗಿ 15ನೇ ಅಧ್ಯಾಯದ ಆಸುಪಾಸಿನಲ್ಲಿ ಕೈಚೆಲ್ಲುತ್ತಾರೆ. ಕಾರಣ ಇಷ್ಟೆ: ಮೊದಲ ಭಾಗ ಹಗುರವಾಗಿ ಓಡುತ್ತದೆ, ಎರಡನೆಯದು ಮುನ್ಸೂಚನೆಯಿಲ್ಲದೆ ಕಡಿದಾಗುತ್ತದೆ, ಜೊತೆಗೆ ಬ್ಲಾಖ್ ತಾನೇ ಹುಟ್ಟಿಸಿದ ಪದಗಳನ್ನು ವ್ಯಾಖ್ಯಾನ ಕೊಡುವ ಮುಂಚೆಯೇ ಬಳಸಲು ಶುರುಮಾಡುತ್ತಾನೆ. ಶುರುವಿಗೆ ‘ಕುರುಹುಗಳು’ ಎತ್ತಿಕೊಳ್ಳಿ. ಒಂದೆರಡು ಪುಟದ ಕಥೆಗಳು, ಕೊನೆಯಲ್ಲಿ ಒಂದು ತಿರುವು. ಅವನು ಹೇಗೆ ನೋಡುತ್ತಾನೆಂಬುದು ಅಲ್ಲೇ ಸಿಗುತ್ತದೆ. ಆಮೇಲೆ ದೊಡ್ಡ ಪುಸ್ತಕದ ಮುನ್ನುಡಿ, 1ರಿಂದ 8, ನೇರವಾಗಿ 13 ಮತ್ತು 14, ನಂತರ 18. 18ನ್ನು ಪೆನ್ಸಿಲ್ ಹಿಡಿದು ಎರಡು ಸಲ ಓದಿ, ನಾಲ್ಕು ಪದರಕ್ಕೂ ನಿಮ್ಮದೇ ಒಂದೊಂದು ಉದಾಹರಣೆ ಬರೆದುಕೊಳ್ಳಿ. ಬರೆಯಲಾಗದಿದ್ದರೆ ಅರ್ಥವಾಗಿಲ್ಲವೆಂದೇ ಲೆಕ್ಕ, ಮುಂದೆ ಹೋಗಬೇಡಿ. ಅಲ್ಲಿಂದ 36. 15, 17, 19, 20ಕ್ಕೆ ಹಿಂತಿರುಗುವುದು ಇದಾದ ಮೇಲೆ. ಐದನೆಯ ಭಾಗಕ್ಕೆ ಮೊಜಾರ್ಟ್, ಬೀಥೋವನ್, ಗಯಟೆಯ ಪರಿಚಯ ಇಲ್ಲದಿದ್ದರೆ ಸಾಲುಗಳು ತೇಲಿಹೋಗುತ್ತವೆ. ಧರ್ಮದ ಮೇಲಿನ 53ನೇ ಅಧ್ಯಾಯ ಮಾತ್ರ ತಪ್ಪಿಸಬೇಡಿ.

ಇಂಗ್ಲಿಷ್ ಅನುವಾದ 1986ರದು, ಮೂರು ಸಂಪುಟ: ಮೊದಲನೆಯದರಲ್ಲಿ 32ನೇ ಅಧ್ಯಾಯದವರೆಗೆ, ಎರಡನೆಯದರಲ್ಲಿ 33ರಿಂದ 42, ಮೂರನೆಯದರಲ್ಲಿ 43ರಿಂದ 55. ಹಾಗಾಗಿ ಮೇಲಿನ ಓದಿಗೆ ಮೊದಲೆರಡು ಸಂಪುಟ ಸಾಕು, 53ನೇ ಅಧ್ಯಾಯಕ್ಕೆ ಮಾತ್ರ ಮೂರನೆಯದು ಬೇಕು. ‘ಈ ಕಾಲದ ಪಿತ್ರಾರ್ಜಿತ’ವೂ ಇಂಗ್ಲಿಷಿನಲ್ಲಿದೆ, ಅದರಲ್ಲಿ 1932ರ ಆ ಪ್ರಬಂಧ ಮೊದಲು ಓದಿ, ಉಳಿದ ತುಣುಕುಗಳು ಆಮೇಲೆ. ಅಡೊರ್ನೊ ಮತ್ತು ಬ್ಲಾಖ್ 1964ರಲ್ಲಿ ಯುಟೋಪಿಯಾದ ಬಗ್ಗೆ ನಡೆಸಿದ ರೇಡಿಯೊ ಸಂವಾದವೂ ಅನುವಾದವಾಗಿದೆ. ಚಿಕ್ಕದು, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಯುಟೋಪಿಯಾದ ಚಿತ್ರ ಬಿಡಿಸಲೇಬಾರದು ಎನ್ನುವ ಅಡೊರ್ನೊ, ಬಿಡಿಸದಿದ್ದರೆ ಜನ ಯಾವುದರತ್ತ ನಡೆಯಬೇಕು ಎನ್ನುವ ಬ್ಲಾಖ್, ಇಬ್ಬರಲ್ಲಿ ಯಾರೂ ಬಿಟ್ಟುಕೊಡುವುದಿಲ್ಲ. ‘ಭರವಸೆಯ ತತ್ವ’ದ ಅರ್ಧದಲ್ಲಿ ನಿಂತವರಿಗೆ ಮತ್ತೆ ಹೊರಡಲು ಅದು ಒಳ್ಳೆಯ ನೆವ.